ಈ ಗಾಡಿಗೆ ಮೂರು ಕೀ

ಗುರುವಾರ ರಾತ್ರಿಯ ಹಿಟ್ಟಿಗೆ ಬಿದ್ದಿರಬೇಕು.
ಉಪ್ಪು ಹಾಕಿ ಮೊಣಕೈವರೆಗೂ ಕಲಸುತ್ತಿದ್ದೆ,
ನೈಟಿಯ ಜೇಬಿನ ಹೊಲಿಗೆ ಬಿಟ್ಟಿತ್ತು.
ಶುಕ್ರವಾರ ನಸುಕಿನ ನಾಲ್ಕಕ್ಕೆ ಹುಡುಕಿದರೆ ಕೀ ಇಲ್ಲ.
ಐದು ಡಬರಿ ಹಿಟ್ಟು ಆಟೋ ಹತ್ತಿ ಹೋಯಿತು,
ಒಂದು ದುರ್ಗಿಗುಡಿಗೆ, ಎರಡು ಬಸ್‌ಸ್ಟ್ಯಾಂಡಿಗೆ,
ಮಿಕ್ಕದ್ದು ಸವಳಂಗ ರಸ್ತೆಗೆ.
ಹೋಟೆಲಿನವರಿಗೆ ಹೇಳಲಿಲ್ಲ.
ಹೇಳುವುದಾದರೂ ಹೇಗೆ,
ನಿಮ್ಮ ಇಡ್ಲಿಯೊಳಗೆ ನನ್ನ ಕಾರಿದೆ ಅಂತ?

ಶನಿವಾರ ಗೋಪಾಳದ ನಮ್ಮ ಗಲ್ಲಿಗೆ
ಸ್ಕೂಟರಿನಲ್ಲಿ ಅಪ್ಪ ಮಗಳು ಬಂದರು.
ಸನಾವುಲ್ಲಾ ಸಾಹೇಬರು ಬಾಗಿಲಿನ ತೂತಿಗೆ ತಂತಿ ಇಳಿಸಿ
ಮಗುವಿನ ಬಾಯಲ್ಲಿ ಹುಳುಕು ಹುಡುಕುವಂತೆ ಬಗ್ಗಿ
ಏಳು ಹಲ್ಲು, ಮೂರನೆಯದು ಗಿಡ್ಡ, ಎಂದು
ಅಂಗೈ ಮೇಲೆ ಬರೆದುಕೊಂಡರು.
ಕೊಯ್ದರು, ಅರದಿಂದ ಉಜ್ಜಿದರು, ಊದಿದರು.
ಬಾಗಿಲು ತೆರೆಯಿತು.
ಎಂಜಿನ್ ಮಾತ್ರ ಎದ್ದಂತೆ ಮಾಡಿ ಮತ್ತೆ ಮಲಗಿತು.
"ಕಬ್ಬಿಣ ಒಪ್ಪಿದೆ, ನನ್ನ ಕೆಲಸ ಇಷ್ಟೇ," ಎಂದರು.
"ಇನ್ನು ಗಾಡಿ ಒಪ್ಪಬೇಕು. ಅದು ಇವಳ ಇಲಾಖೆ."

ನಿಖತ್ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ
ಕೇಬಲ್ ಸಿಕ್ಕಿಸಿದಳು. ಎದ್ದಾಗ
ಬುರ್ಖಾದ ತೋಳಿಗೆ ಒಣಗಿದ ಹಿಟ್ಟು.
ನನ್ನ ಕಾರಿನಲ್ಲಿ ಹಿಟ್ಟಿಲ್ಲದ ಮೂಲೆ ಇಲ್ಲ.
"ಎಷ್ಟು ಕೀ ಇತ್ತು ಆಂಟಿ?"
"ಒಂದೇ."
"ಗಾಡಿ ಮೂರು ಅಂತಿದೆ."

ಎದುರುಮನೆ ಪ್ರೇಮಲೀಲಾ ಪೈಪು ಹಿಡಿದವಳು
ಗಿಡ ಮರೆತು ರಸ್ತೆಗೇ ನೀರು ಹಾಕತೊಡಗಿದಳು.

ಆರು ವರ್ಷ ನಾನೊಬ್ಬಳೇ ಅಂದುಕೊಂಡಿದ್ದೆ.
ಹೊಸನಗರದ ದನದ ಡಾಕ್ಟರ ಗಾಡಿ,
ಇನ್ನೊಂದು ಕೀ ಹಿನ್ನೀರಿಗೆ ಬಿತ್ತಂತೆ,
ಬ್ರೋಕರು ಹೇಳಿದ್ದು ಅಷ್ಟೇ. ಮೂರನೆಯದರ ಮಾತೇ ಬಂದಿರಲಿಲ್ಲ.
ಬೇಸಿಗೆಯಲ್ಲಿ ಕಿಟಕಿ ಏರಿಸಿದರೆ ಇವತ್ತಿಗೂ
ಹಿಂದಿನ ಸೀಟಿನಿಂದ ಫಿನಾಯ್ಲು, ಕೊಟ್ಟಿಗೆ.
ನನ್ನ ಹುಳಿಹಿಟ್ಟಿನ ವಾಸನೆಗೂ ಜಗ್ಗಿಲ್ಲ ಅದು.
ಯಾರ ಮನೆಯ ಮೊಳೆಯಲ್ಲಿ ತೂಗುತ್ತಿದೆಯೋ,
ಯಾರ ಮಗು ಅದರಿಂದ ಗೋಡೆ ಕೆರೆಯುತ್ತಿದೆಯೋ.
ಯಾವ ರಾತ್ರಿ ಬೇಕಾದರೂ ಬಂದು ಒಯ್ಯಬಹುದಿತ್ತು.
ಒಯ್ಯಲಿಲ್ಲ.
ಅದಕ್ಕೆ ಸಮಾಧಾನವೋ,
ಯಾರಿಗೂ ಬೇಡದ ಗಾಡಿ ಎಂದು ಬೇಜಾರೋ,
ನನಗೇ ತಿಳಿಯಲಿಲ್ಲ.

"ಎಲ್ಲಾ ಅಳಿಸ್ಲಾ? ಈಗ ಇಲ್ಲಿ ಇಲ್ಲದ್ದು
ಆಮೇಲೆ ಅದಕ್ಕೆ ಗುರುತು ಸಿಗಲ್ಲ."
"ಹಳೇದು ಸಿಕ್ಕಿದ್ರೆ?"
"ಬಾಗಿಲು ತೆಗಿಯುತ್ತೆ. ಒಳಗೆ ಕೂರಬಹುದು.
ಹೊರಡೋಕಾಗಲ್ಲ."
ತಲೆ ಎತ್ತದೆ ಹೇಳಿದಳು, ಎಷ್ಟು ಸಲ ಹೇಳಿದ್ದಾಳೋ.

ಅಳಿಸು ಎಂದೆ.

ಹತ್ತು ನಿಮಿಷ ಕಾಯಬೇಕಂತೆ.
ಕಳ್ಳರಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂದು
ಕಂಪನಿಯವರ ನಂಬಿಕೆ.
ಅಷ್ಟರಲ್ಲಿ ದೋಸೆ ಹುಯ್ದೆ, ಪ್ರೇಮಲೀಲಳಿಗೂ ಸೇರಿ.
ಸಾಹೇಬರು ಮೊದಲ ತುಂಡು ಮುರಿದು
ಬೆಳಕಿಗೆ ಹಿಡಿದು ನೋಡಿ ಬಾಯಿಗಿಟ್ಟರು.
ಹಳದಿ ದೀಪ, ಪುಟ್ಟ ಕಾರು ಅದರ ಮೇಲೊಂದು ಪುಟ್ಟ ಕೀ,
ಮಿಣುಕಿ ಮಿಣುಕಿ ಆರಿತು. ಎಂಜಿನ್ ಎದ್ದಿತು.
ನಾಲ್ಕೂವರೆ ಸಾವಿರ. ಮುನ್ನೂರು ಬಿಟ್ಟು
ಒಂದು ಡಬ್ಬಿ ಹಿಟ್ಟು ಒಯ್ದರು.

ಮಂಗಳವಾರ, ಸವಳಂಗ ರಸ್ತೆಯ ಪ್ರಭುಗಳು
ಖಾಲಿ ಡಬರಿ ವಾಪಸು ಕೊಡುವಾಗ
ಕಾಗದದ ಪೊಟ್ಟಣವೊಂದನ್ನು ಕೈಗಿತ್ತರು.
ತೊಳೆದು ಒರೆಸಿದ್ದರು.
"ತಳದಲ್ಲಿತ್ತು. ಅಡುಗೆಯವನಿಗೂ ಹೇಳಿಲ್ಲ,"
ಎಂದು ಬಿಲ್ಲು ಹರಿಯತೊಡಗಿದರು.

ರಾತ್ರಿ ಕಲಸಿ ಮುಗಿಸಿ, ಕೈ ತೊಳೆದು,
ಹೊರಗೆ ಬಂದು ಹಾಕಿ ನೋಡಿದೆ.
ಬಾಗಿಲು ತೆಗೆಯಿತು. ತಲೆಮೇಲಿನ ದೀಪ ಹತ್ತಿತು.
ತಿರುಗಿಸಿದೆ. ಹಳದಿ ಮಿಣುಕುತ್ತಲೇ ಇತ್ತು,
ಯಾರು, ಯಾರು, ಯಾರು.
ಎಲ್ಲಿಗೂ ಹೋಗಲಿಕ್ಕಿಲ್ಲದೆ
ಇದರೊಳಗೆ ಕೂತದ್ದು ಇದೇ ಮೊದಲು.
ಎದುರುಮನೆಯ ಪರದೆ ಸರಿಯಿತು. ಸರಿಯಲಿ.
ಕೆಳಗೆ ಕೈಗೆ ಏನೋ ಸಿಕ್ಕಿತು, ಎಳೆದೆ.
ಸೀಟು ಇಷ್ಟು ಹಿಂದಕ್ಕೆ ಒರಗುತ್ತದೆಂದು
ಗೊತ್ತೇ ಇರಲಿಲ್ಲ.